ಪಾತ್ರೆಗಿಂತ ಮೊದಲು ಪುಡಿ: ಮನೆಯಲ್ಲಿ ಒಳ್ಳೆಯ ಕಾಫಿ ಇಳಿಸುವ ಬಗೆಗಳು

ಡಬ್ಬಿಯೂ ಅದೇ, ಪಾತ್ರೆಯೂ ಅದೇ, ಮಾಡುವ ಕೈಯೂ ಅದೇ. ಆದರೂ ನಿನ್ನೆ ಹದವಾಗಿದ್ದ ಕಾಫಿ ಇವತ್ತು ನಾಲಿಗೆಯನ್ನು ಒಣಗಿಸುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬೀಜವನ್ನೋ ಪಾತ್ರೆಯನ್ನೋ ದೂರಿ, ಹೊಸ ಸಾಧನವೊಂದನ್ನು ಕೊಂಡು ತಂದು, ನಾಲ್ಕು ದಿನ ಅದರಲ್ಲಿ ಇಳಿಸಿ ನೋಡಿ, ಮತ್ತೆ ಹಳೆಯ ಗೊಂದಲಕ್ಕೇ ಮರಳುತ್ತಾರೆ. ನನ್ನ ಅಡುಗೆಮನೆಯ ಕಪಾಟಿನಲ್ಲೂ ಹಾಗೆ ಬಂದು ಸೇರಿಕೊಂಡ ಐದಾರು ಸಾಧನಗಳಿವೆ. ಅವುಗಳ ಜೊತೆ ಹೆಣಗಿದ ಮೇಲೆ ನನಗೆ ಮನದಟ್ಟಾದದ್ದೇನೆಂದರೆ, ಪಾತ್ರೆಯ ಆಕಾರ ಏನೇ ಇರಲಿ, ಒಳಗೆ ಬಿಸಿನೀರು ಪುಡಿಯಿಂದ ಸಾರವನ್ನು ಕರಗಿಸಿಕೊಳ್ಳುವ ಕೆಲಸವೊಂದೇ ನಡೆಯುತ್ತದೆ ಮತ್ತು ಆ ಕೆಲಸವನ್ನು ಹೆಚ್ಚು ಕಡಿಮೆ ಮಾಡುವ ಮುಖ್ಯ ಹಿಡಿ ಪುಡಿಯ ಗಾತ್ರದಲ್ಲಿದೆ. ಆದ್ದರಿಂದ ಬೇರೆ ಬೇರೆ ವಿಧಾನಗಳಿಗೆ ಹೋಗುವ ಮೊದಲು ಆ ಕೆಲಸವನ್ನೇ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಕಾಫಿಯೊಳಗೆ ನಡೆಯುವುದೇನು

ಹುರಿದ ಕಾಫಿ ಬೀಜದ ತೂಕದಲ್ಲಿ ಸುಮಾರು ಶೇ 30ರಷ್ಟು ಮಾತ್ರ ನೀರಿನಲ್ಲಿ ಕರಗಬಲ್ಲದು. ಉಳಿದದ್ದು ನಾರಿನಂಥ ಭಾಗ; ಅದು ಚರಟವಾಗಿ ಉಳಿಯುತ್ತದೆ. ಕರಗಬಲ್ಲದ್ದನ್ನೆಲ್ಲ ಹಿಂಡಿ ತೆಗೆಯುವುದು ಜಾಣತನವಲ್ಲ, ಏಕೆಂದರೆ ಎಲ್ಲ ರುಚಿಗಳೂ ಒಂದೇ ವೇಗದಲ್ಲಿ ನೀರಿಗೆ ಇಳಿಯುವುದಿಲ್ಲ. ಹುಳಿ ಕೊಡುವ ಆಮ್ಲಗಳು ಮೊದಲು ಇಳಿಯುತ್ತವೆ, ಸಿಹಿಯನ್ನೂ ಹುರಿದ ಪರಿಮಳವನ್ನೂ ಕೊಡುವ ಅಂಶಗಳು ಅವುಗಳ ಹಿಂದೆಯೇ ಬರುತ್ತವೆ, ನಾಲಿಗೆಯನ್ನು ಒಣಗಿಸುವ ಒಗರು ಮತ್ತು ಗಡಸು ಕಹಿ ತಡವಾಗಿ, ನೀರು ಬಹಳ ಹೊತ್ತು ಪುಡಿಯನ್ನು ಕಾಡಿದಾಗ, ಹೊರಬರುತ್ತವೆ. ಅಮೆರಿಕದ ರಸಾಯನ ವಿಜ್ಞಾನಿ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ಸಿದ್ಧಪಡಿಸಿದ ನಕ್ಷೆಯ ಪ್ರಕಾರ, ಪುಡಿಯ ತೂಕದ ಶೇ 18ರಿಂದ 22ರಷ್ಟು ನೀರಿಗೆ ಇಳಿದಾಗ ಕಾಫಿ ಸಮರಸವಾಗಿರುತ್ತದೆ. ಇಂದಿಗೂ ಕಾಫಿ ತಯಾರಿಸುವವರು ಆ ಅಳತೆಯನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ, ರುಚಿಗೆ ತಕ್ಕಂತೆ ಅದನ್ನು ಮೀರುವವರೂ ಇದ್ದಾರೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು, ಮತ್ತು ಮನೆಯ ಕಾಫಿಯ ಬಹುಪಾಲು ತಪ್ಪುಗಳು ಇವೆರಡನ್ನೂ ಒಂದೆಂದು ತಿಳಿಯುವುದರಿಂದಲೇ ಹುಟ್ಟುತ್ತವೆ. ಒಂದು, ಕಾಫಿ ಎಷ್ಟು ಗಟ್ಟಿ ಅಥವಾ ಎಷ್ಟು ತೆಳು ಎಂಬುದು. ಇದು ಪುಡಿಗೂ ನೀರಿಗೂ ಇರುವ ಪ್ರಮಾಣದ ಮಾತು. ಇನ್ನೊಂದು, ಪುಡಿಯಿಂದ ಸಾರ ಎಷ್ಟು ಇಳಿದಿದೆ ಎಂಬುದು; ಇದು ಪುಡಿಯ ಗಾತ್ರ, ನೀರಿನ ಬಿಸಿ ಮತ್ತು ಕಾಲದ ಮಾತು. ತೆಳುವಾದ ಕಾಫಿ ಕಹಿಯಾಗಿರಬಹುದು, ಗಟ್ಟಿಯಾದ ಕಾಫಿ ಹುಳಿಯಾಗಿರಬಹುದು. ಕಹಿಯಾಯಿತೆಂದು ಪುಡಿ ಕಡಿಮೆ ಹಾಕುವವರು ನಿಜವಾಗಿ ಕಹಿಯನ್ನು ಹೆಚ್ಚಿಸುತ್ತಿರುತ್ತಾರೆ, ಏಕೆಂದರೆ ಅಷ್ಟೇ ನೀರು ಈಗ ಕಡಿಮೆ ಪುಡಿಯಿಂದ ಸಾರವನ್ನು ಎಳೆಯಬೇಕಾಗುತ್ತದೆ. ಸಂಶಯವಿದ್ದಾಗ ನಾನು ಮಾಡುವ ಪರೀಕ್ಷೆ ಸರಳವಾದದ್ದು: ಕಹಿಯೆನಿಸಿದ ಕಾಫಿಯಲ್ಲಿ ಎರಡು ಚಮಚ ಬಿಸಿನೀರು ಬೆರೆಸಿ ನೋಡುತ್ತೇನೆ. ಹಿತವಾದರೆ ಅದು ಕೇವಲ ಗಟ್ಟಿಯಾಗಿತ್ತು. ತೆಳುವಾದರೂ ಒಗರು ಹೋಗದಿದ್ದರೆ ಸಾರ ಅತಿಯಾಗಿ ಇಳಿದಿದೆ.

ರುಚಿ ನೋಡುವಾಗ ಕಾಫಿ ಉಗುರುಬೆಚ್ಚಗಾಗುವವರೆಗೂ ಕಾಯಬೇಕು. ಸುಡುಸುಡು ಬಿಸಿಯಲ್ಲಿ ನಾಲಿಗೆಗೆ ಶಾಖವೊಂದೇ ತಿಳಿಯುತ್ತದೆ. ಕಪ್ಪಿನ ತಳದಲ್ಲಿ ಆರುತ್ತಿರುವ ಕೊನೆಯ ಗುಟುಕು ಎಲ್ಲವನ್ನೂ ಒಪ್ಪಿಸಿಬಿಡುತ್ತದೆ. ನಾಲಿಗೆಯ ಅಂಚುಗಳನ್ನು ಚುಚ್ಚುವ ಹಸಿ ಹುಳಿ, ಉಪ್ಪುಪ್ಪಾದ ರುಚಿ ಮತ್ತು ನುಂಗಿದೊಡನೆ ಏನೂ ಉಳಿಯದ ಖಾಲಿತನ ಸಾರ ಕಡಿಮೆ ಇಳಿದುದರ ಗುರುತು. ಗಂಟಲಲ್ಲಿ ಅಂಟಿಕೊಳ್ಳುವ ಕಹಿ ಮತ್ತು ಬಾಯನ್ನು ಒಣಗಿಸುವ ಒಗರು ಹೆಚ್ಚು ಇಳಿದುದರ ಗುರುತು. ಹಣ್ಣಿನಲ್ಲಿರುವಂಥ, ಸಿಹಿಯೊಡನೆ ಬೆರೆತ ಹುಳಿ ಮಾತ್ರ ದೋಷವಲ್ಲ; ಕಡಿಮೆ ಹುರಿದ ಬೀಜದಲ್ಲಿ ಅದು ಇರಲೇಬೇಕು.

ಅಳತೆ ಮತ್ತು ಪುಡಿ

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ಒಂದು ಗ್ರಾಮಿನವರೆಗೆ ತೂಗುವ ಸಣ್ಣ ತಕ್ಕಡಿಯನ್ನೂ ಆಮೇಲೆ ಒಂದು ಒಳ್ಳೆಯ ಗ್ರೈಂಡರನ್ನೂ ಕೊಳ್ಳಬೇಕು. ಕಾಫಿ ಇಳಿಸುವ ಪಾತ್ರೆಯ ಸರದಿ ಅವೆರಡರ ನಂತರದ್ದು. ಚಮಚದ ಅಳತೆ ನಂಬಿಕೆಗೆ ಅರ್ಹವಲ್ಲ. ಹೆಚ್ಚು ಹುರಿದ ಬೀಜ ಉಬ್ಬಿ ಹಗುರಾಗಿರುತ್ತದೆ, ಕಡಿಮೆ ಹುರಿದದ್ದು ಭಾರವಾಗಿರುತ್ತದೆ, ಹೀಗಾಗಿ ಅದೇ ಚಮಚದಲ್ಲಿ ಬೇರೆ ಬೇರೆ ತೂಕ ಬರುತ್ತದೆ. ನೀರನ್ನೂ ತೂಗಬಹುದು, ಒಂದು ಮಿಲಿಲೀಟರು ನೀರು ಸರಿಸುಮಾರು ಒಂದು ಗ್ರಾಮು ತೂಗುವುದರಿಂದ ಲೆಕ್ಕ ಸುಲಭ. ಕಾಗದದಲ್ಲಿ ಸೋಸುವ ಅಥವಾ ನೆನೆಸಿಡುವ ಕಾಫಿಗೆ ಒಂದು ಲೀಟರು ನೀರಿಗೆ 60 ಗ್ರಾಂ ಪುಡಿಯಿಂದ ಆರಂಭಿಸಬೇಕು. ಎಂದರೆ 250 ಮಿಲಿಲೀಟರು ನೀರಿಗೆ 15 ಗ್ರಾಂ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿಕೊಂಡು ಹಿಡಿದಿಡುವುದರಿಂದ ಸೋಸಿದ ಮೇಲೆ ಕಪ್ಪಿಗೆ ಬರುವುದು 220 ಮಿಲಿಲೀಟರಿನಷ್ಟು ಎಂಬುದನ್ನು ನೆನಪಿಡಬೇಕು. ಈ ಪ್ರಮಾಣವನ್ನು ಒಮ್ಮೆ ಗೊತ್ತು ಮಾಡಿಕೊಂಡ ಮೇಲೆ ಒಂದೆರಡು ವಾರ ಅದನ್ನು ಮುಟ್ಟಬಾರದು.

ಇನ್ನು ಪುಡಿಯ ಗಾತ್ರ. ಬೀಜವನ್ನು ನುಣ್ಣಗೆ ಮಾಡಿದಷ್ಟೂ ನೀರಿಗೆ ತಾಗುವ ಮೈ ಹೆಚ್ಚುತ್ತದೆ, ಸಾರ ಬೇಗ ಇಳಿಯುತ್ತದೆ. ಜೊತೆಗೆ, ನೀರು ಪುಡಿಯ ನಡುವೆ ಹಾದುಹೋಗುವ ವಿಧಾನಗಳಲ್ಲಿ ನುಣ್ಣಗಿನ ಪುಡಿ ದಾರಿಯನ್ನು ಬಿಗಿಗೊಳಿಸಿ ನೀರನ್ನು ತಡೆಯುವುದರಿಂದ ಕಾಲವೂ ಹೆಚ್ಚುತ್ತದೆ. ಗ್ರೈಂಡರಿನ ಗಾತ್ರವನ್ನು ಒಂದು ಗುರುತಿನಷ್ಟು ಸರಿಸಿದರೆ ರುಚಿಯಲ್ಲಿ ದೊಡ್ಡ ಬದಲಾವಣೆ ಕಾಣುವುದು ಹೀಗೆ ಎರಡು ಕಡೆಯಿಂದ ಪರಿಣಾಮ ಬೀಳುವುದರಿಂದಲೇ. ಆದರೆ ಎಲ್ಲ ಹರಳುಗಳೂ ಒಂದೇ ಗಾತ್ರದಲ್ಲಿದ್ದರೆ ಮಾತ್ರ ಈ ಹಿಡಿ ಕೈಗೆ ಸಿಗುತ್ತದೆ. ಬ್ಲೇಡು ತಿರುಗಿ ಬೀಜವನ್ನು ಕೊಚ್ಚುವ ಮಿಕ್ಸಿಯಂಥ ಯಂತ್ರದಲ್ಲಿ ಧೂಳೂ ಬರುತ್ತದೆ, ನುಚ್ಚೂ ಉಳಿಯುತ್ತದೆ. ಧೂಳಿನಿಂದ ಕಹಿ, ನುಚ್ಚಿನಿಂದ ಹುಳಿ ಇಳಿದು, ಒಂದೇ ಕಪ್ಪಿನಲ್ಲಿ ಎರಡು ದೋಷಗಳೂ ಕೂಡಿಬಿಡುತ್ತವೆ, ಯಾವ ಕಡೆಗೆ ತಿದ್ದಬೇಕೆಂದೇ ತಿಳಿಯುವುದಿಲ್ಲ. ಎರಡು ಹಲ್ಲುಚಕ್ರಗಳ ನಡುವೆ ಬೀಜವನ್ನು ಅರೆಯುವ, ನಡುವಿನ ಅಂತರವನ್ನು ಹೊಂದಿಸಬಹುದಾದ ಬರ್ ಗ್ರೈಂಡರ್ ಆ ಕಾರಣಕ್ಕೇ ಬೇಕು. ಕೈಯಲ್ಲಿ ತಿರುಗಿಸುವ ಸಣ್ಣ ಬರ್ ಗ್ರೈಂಡರ್ ಅದೇ ಬೆಲೆಯ ವಿದ್ಯುತ್ ಗ್ರೈಂಡರಿಗಿಂತ ಸಾಮಾನ್ಯವಾಗಿ ಉತ್ತಮ ಪುಡಿ ಕೊಡುತ್ತದೆ, ಏಕೆಂದರೆ ಅಲ್ಲಿ ಹಣ ಮೋಟರಿಗೆ ಹೋಗದೆ ಚಕ್ರಗಳಿಗೆ ಹೋಗಿರುತ್ತದೆ. ಬೀಜಕ್ಕೆ ಒಂದೆರಡು ಹನಿ ನೀರು ಸವರಿ ಅರೆದರೆ ಪುಡಿ ಗ್ರೈಂಡರಿನ ಗೋಡೆಗೆ ಅಂಟಿಕೊಂಡು ಹಾರಾಡುವುದು ಕಡಿಮೆಯಾಗುತ್ತದೆ.

ಬ್ಲೇಡಿನ ಯಂತ್ರವೇ ಇರುವವರು ನಿರಾಶರಾಗಬೇಕಿಲ್ಲ. ಒಂದೇ ಸಮನೆ ಓಡಿಸದೆ ಎರಡು ಮೂರು ಸೆಕೆಂಡುಗಳ ತುಣುಕುಗಳಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ನಡುವೆ ಅಲುಗಾಡಿಸಿ, ಕೊನೆಗೆ ಸಣ್ಣ ಕಣ್ಣಿನ ಜರಡಿಯಲ್ಲಿ ಧೂಳನ್ನು ಬೇರ್ಪಡಿಸಿದರೆ ಸಾಕಷ್ಟು ಸುಧಾರಿಸುತ್ತದೆ. ಆ ಪುಡಿಯನ್ನು ಸೋಸುವ ವಿಧಾನಗಳಿಗಿಂತ ನೆನೆಸಿಡುವ ವಿಧಾನಕ್ಕೆ ಬಳಸುವುದು ಕ್ಷೇಮ.

ಬೀಜದ ವಿಷಯದಲ್ಲಿ ಹುರಿದ ದಿನಾಂಕ ಮುಖ್ಯ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿದ್ದು ದಿನಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಹುರಿದ ಮರುದಿನವೇ ಇಳಿಸಿದರೆ ಆ ಅನಿಲ ನೀರನ್ನು ಪುಡಿಯ ಒಳಕ್ಕೆ ಬಿಡದೆ ನೂಕುವುದರಿಂದ ಸಾರ ಸರಿಯಾಗಿ ಇಳಿಯುವುದಿಲ್ಲ. ಒಂದು ವಾರದ ಆಸುಪಾಸಿನಿಂದ ಸುಮಾರು ಒಂದು ತಿಂಗಳವರೆಗೆ ಹೆಚ್ಚಿನ ಬೀಜಗಳು ಹದದಲ್ಲಿರುತ್ತವೆ. ಪುಡಿಗೆ ಈ ಸಾವಕಾಶವಿಲ್ಲ. ಅರೆದ ಗಳಿಗೆಯಿಂದಲೇ ಪರಿಮಳ ಹಾರತೊಡಗುತ್ತದೆ, ಆದ್ದರಿಂದ ಕಾಫಿ ಮಾಡುವ ಹೊತ್ತಿಗೆ ಬೇಕಾದಷ್ಟನ್ನೇ ಅರೆಯಬೇಕು. ಗಾಳಿ, ಬೆಳಕು, ತೇವ, ಬಿಸಿ ಇವು ಬೀಜದ ಶತ್ರುಗಳು. ದಿನವೂ ತೆಗೆದು ಮುಚ್ಚುವ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡಬಾರದು, ಅಲ್ಲಿ ತೇವವೂ ಬೇರೆ ಪದಾರ್ಥಗಳ ವಾಸನೆಯೂ ಸೇರಿಕೊಳ್ಳುತ್ತವೆ. ಬಹಳ ದಿನ ಉಳಿಸಬೇಕಾದ ಬೀಜವನ್ನು ಮಾತ್ರ ಒಂದೊಂದು ವಾರಕ್ಕೆ ಸಾಕಾಗುವ ಸಣ್ಣ ಪೊಟ್ಟಣಗಳಾಗಿ, ಗಾಳಿಯಾಡದಂತೆ ಮುಚ್ಚಿ, ಫ್ರೀಜರಿನಲ್ಲಿ ಇಡಬಹುದು. ಪೊಟ್ಟಣವನ್ನು ಒಡೆಯುವ ಮೊದಲು ಅದು ಕೋಣೆಯ ಬಿಸಿಗೆ ಬರಲು ಬಿಡಬೇಕು, ಇಲ್ಲದಿದ್ದರೆ ತಣ್ಣನೆಯ ಬೀಜದ ಮೇಲೆ ನೀರು ಹನಿಗಟ್ಟುತ್ತದೆ.

ನೀರು

ಸೋಸಿದ ಕಾಫಿಯಲ್ಲಿ ಶೇ 98ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಆದರೂ ಎಲ್ಲರೂ ಕೊನೆಗೆ ಯೋಚಿಸುವುದು ಅದರ ಬಗ್ಗೆ. ನೀರಿನಲ್ಲಿರುವ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಸಾರ ಇಳಿಯಲು ನೆರವಾಗುತ್ತವೆ. ಬೈಕಾರ್ಬೊನೇಟ್ ಕಾಫಿಯ ಆಮ್ಲಗಳನ್ನು ತಟಸ್ಥಗೊಳಿಸುತ್ತದೆ. ಅದು ಅತಿಯಾಗಿರುವ ಗಡಸು ನೀರಿನಲ್ಲಿ ಎಂಥ ಬೀಜವೂ ಸಪ್ಪೆಯಾಗಿ, ಸುಣ್ಣದಂತೆ ಮಂಕಾಗಿ ಇಳಿಯುತ್ತದೆ. ಏನೂ ಇಲ್ಲದ ಬಟ್ಟಿ ಇಳಿಸಿದ ನೀರಿನಲ್ಲಿ ಹುಳಿ ಮೊನಚಾಗಿ, ಮೈಯಿಲ್ಲದೆ ಬರುತ್ತದೆ. ಮನೆಯ ನೀರು ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸಾಗಿದ್ದರೆ ಅರ್ಧ ಪಾಲು ಆರ್‌ಒ ಯಂತ್ರದ ನೀರನ್ನು ಬೆರೆಸಿ ನೋಡಬೇಕು. ಹೊಸ ಪಾತ್ರೆಗೆ ಹಣ ಹಾಕುವ ಮೊದಲು ಒಂದು ದಿನ ಬೇರೆ ನೀರಿನಲ್ಲಿ ಅದೇ ಕಾಫಿ ಮಾಡಿ ನೋಡಿದವರಿಗೆ ನನ್ನ ಮಾತು ಉತ್ಪ್ರೇಕ್ಷೆಯೆನಿಸದು. ಕ್ಲೋರಿನ್ ವಾಸನೆಯಿದ್ದರೆ ಇದ್ದಿಲಿನ ಫಿಲ್ಟರ್ ಅದನ್ನು ತೆಗೆಯುತ್ತದೆ.

ಬಿಸಿಯ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ಅಳತೆ 90ರಿಂದ 96 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದವರು ಕುದಿ ನಿಂತ ಮೇಲೆ ಅರ್ಧ ನಿಮಿಷ ಕಾದು ಸುರಿದರೆ ಸಾಕು. ಕಡಿಮೆ ಹುರಿದ ಬೀಜ ಗಟ್ಟಿಯಾಗಿದ್ದು ಸಾರ ಬಿಟ್ಟುಕೊಡಲು ಹಟ ಮಾಡುವುದರಿಂದ ಅದಕ್ಕೆ ಕುದಿಯುವ ನೀರನ್ನೇ ಸುರಿಯಬಹುದು. ಕಪ್ಪಾಗುವಷ್ಟು ಹುರಿದದ್ದಕ್ಕೆ 85ರಿಂದ 90 ಡಿಗ್ರಿ ಸಾಕು, ಅದು ಸುಲಭವಾಗಿ ಕರಗುತ್ತದೆ, ಬೇಗ ಕಹಿಯಾಗುತ್ತದೆ. ಎತ್ತರದ ಜಾಗಗಳಲ್ಲಿ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುವುದರಿಂದ, 1,500 ಮೀಟರು ಎತ್ತರದಲ್ಲಿರುವವರು ಕಾಯುವ ಅಗತ್ಯವೇ ಇಲ್ಲ. ಅವರ ಕುದಿಯುವ ನೀರೇ 95 ಡಿಗ್ರಿಯಲ್ಲಿರುತ್ತದೆ.

ನೆನೆಸಿಡುವ ವಿಧಾನ: ಫ್ರೆಂಚ್ ಪ್ರೆಸ್

ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಹೇಳುವುದು ಹಿಡಿಯಿಂದ ಒತ್ತಿ ಇಳಿಸುವ ಜಾಲರಿಯುಳ್ಳ ಪಾತ್ರೆಯಾದ ಫ್ರೆಂಚ್ ಪ್ರೆಸ್ಸನ್ನೇ, ಏಕೆಂದರೆ ಇದರಲ್ಲಿ ಸುರಿಯುವ ಕೈಚಳಕ ಬೇಕಿಲ್ಲ, ನೀರು ದಾರಿ ತಪ್ಪುವ ಭಯವಿಲ್ಲ. ಹೆಸರು ಫ್ರೆಂಚ್ ಆದರೂ ಇಂದಿನ ರೂಪಕ್ಕೆ ಹತ್ತಿರವಾದ ಪಾತ್ರೆಗೆ 1929ರಲ್ಲಿ ಪೇಟೆಂಟ್ ಪಡೆದವರು ಇಟಲಿಯವರು. ಅರ್ಧ ಲೀಟರು ನೀರಿಗೆ 30 ಗ್ರಾಂ ಪುಡಿ ಬೇಕು. ಪುಡಿ ಕಲ್ಲುಪ್ಪಿನಷ್ಟು ದಪ್ಪ ಇರಬೇಕೆಂದು ಎಲ್ಲೆಡೆ ಬರೆದಿರುತ್ತದೆ. ನನ್ನ ಅನುಭವದಲ್ಲಿ ಅದು ಅತಿಯಾಯಿತು, ದಪ್ಪ ರವೆಯಷ್ಟಿದ್ದರೆ ಸಿಹಿ ಚೆನ್ನಾಗಿ ಇಳಿಯುತ್ತದೆ. ಎಲ್ಲ ನೀರನ್ನೂ ಒಮ್ಮೆಗೇ ಸುರಿದು ನಾಲ್ಕು ನಿಮಿಷ ಮುಟ್ಟದೆ ಬಿಡಬೇಕು. ಮೇಲೆ ಪುಡಿಯ ಪದರವೊಂದು ಕಟ್ಟಿಕೊಂಡಿರುತ್ತದೆ. ಅದನ್ನು ಚಮಚದಿಂದ ಮೆಲ್ಲಗೆ ಕಲಕಿದರೆ ಹೆಚ್ಚಿನದು ತಳಕ್ಕೆ ಇಳಿಯುತ್ತದೆ. ಮೇಲುಳಿದ ನೊರೆಯನ್ನೂ ತೇಲುವ ಚೂರುಗಳನ್ನೂ ಎರಡು ಚಮಚಗಳಿಂದ ತೆಗೆದುಹಾಕಬೇಕು.

ಇಲ್ಲಿಂದ ಮುಂದೆ ತಾಳ್ಮೆಯ ಕೆಲಸ. ಇನ್ನೂ ಐದು ನಿಮಿಷ ಹಾಗೆಯೇ ಬಿಟ್ಟರೆ ಸಣ್ಣ ಕಣಗಳೆಲ್ಲ ತಳ ಸೇರುತ್ತವೆ. ಅಷ್ಟು ಹೊತ್ತಿಗೆ ಕಹಿಯಾಗದೇ ಎಂದು ಕೇಳುವವರಿಗೆ ಉತ್ತರವಿದೆ: ಹೊಸ ನೀರು ಸೇರದೆ, ಇರುವ ನೀರು ಸಾರದಿಂದ ತುಂಬುತ್ತ, ಆರುತ್ತ ಹೋಗುವುದರಿಂದ ಮೊದಲ ನಾಲ್ಕು ನಿಮಿಷಗಳ ಬಳಿಕ ಸಾರ ಇಳಿಯುವ ವೇಗ ಬಹಳ ತಗ್ಗಿರುತ್ತದೆ. ಕೊನೆಗೆ ಹಿಡಿಯನ್ನು ತಳದವರೆಗೆ ಒತ್ತದೆ, ಜಾಲರಿಯನ್ನು ಕಾಫಿಯ ಮೇಲ್ಮೈಗೆ ತಾಗುವಷ್ಟೇ ಇಳಿಸಿ, ಅದನ್ನು ಸೋಸುವ ಜಾಲರಿಯಾಗಿ ಮಾತ್ರ ಬಳಸಿ ಬಗ್ಗಿಸಬೇಕು. ಒತ್ತಿದರೆ ಕಷ್ಟಪಟ್ಟು ತಳ ಸೇರಿದ ಗಸಿಯೆಲ್ಲ ಮತ್ತೆ ಮೇಲೇಳುತ್ತದೆ. ಕೊನೆಯ ಒಂದೆರಡು ಗುಟುಕನ್ನು ಪಾತ್ರೆಯಲ್ಲೇ ಬಿಡುವುದು ಲೇಸು.

ಲೋಹದ ಜಾಲರಿ ಎಣ್ಣೆಯನ್ನು ತಡೆಯದ ಕಾರಣ ಈ ಕಾಫಿ ಮೈತುಂಬಿಕೊಂಡಿರುತ್ತದೆ. ಆ ಎಣ್ಣೆಯೊಂದಿಗೆ ಕೆಫೆಸ್ಟಾಲ್ ಎಂಬ ಅಂಶವೂ ಬರುತ್ತದೆ. ಅದು ರಕ್ತದ ಕೊಲೆಸ್ಟರಾಲನ್ನು ಏರಿಸಬಲ್ಲದು. ಕಾಗದದ ಫಿಲ್ಟರ್ ಅದರ ಹೆಚ್ಚಿನ ಪಾಲನ್ನು ಹಿಡಿದುಕೊಳ್ಳುತ್ತದೆ, ಆದ್ದರಿಂದ ದಿನಕ್ಕೆ ಮೂರು ನಾಲ್ಕು ಕಪ್ಪು ಕುಡಿಯುವವರು ಮತ್ತು ಕೊಲೆಸ್ಟರಾಲ್ ಹೆಚ್ಚಿರುವವರು ಮುಂದಿನ ವಿಧಾನವನ್ನು ನೆಚ್ಚಿಕೊಳ್ಳಬಹುದು.

ಕಾಗದದಲ್ಲಿ ಸೋಸುವುದು

1908ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್, ಕಾಫಿಯ ಗಸಿ ಮತ್ತು ಕಹಿಯಿಂದ ಬೇಸತ್ತು, ಹಿತ್ತಾಳೆಯ ಪಾತ್ರೆಯ ತಳಕ್ಕೆ ತೂತು ಕೊರೆದು, ಮಗನ ಶಾಲಾ ಪುಸ್ತಕದ ಶಾಯಿ ಹೀರುವ ಕಾಗದವನ್ನು ಅದರೊಳಗೆ ಹಾಸಿ ಕಾಫಿ ಸೋಸಿದರು. ಇಂದಿನ ಎಲ್ಲ ಕಾಗದದ ಫಿಲ್ಟರುಗಳ ಹಿಂದೆ ಆ ಹೀರುಕಾಗದವಿದೆ. 60 ಡಿಗ್ರಿ ಕೋನದ ಶಂಕುವಿನಿಂದ ಹೆಸರು ಪಡೆದ ವಿ-60 ಎಂಬ ಸೋಸುಪಾತ್ರೆ ಇರಲಿ, ರಸಾಯನ ವಿಜ್ಞಾನಿ ಪೀಟರ್ ಶ್ಲುಮ್‌ಬೋಮ್ 1941ರಲ್ಲಿ ರೂಪಿಸಿದ, ಪ್ರಯೋಗಾಲಯದ ಗಾಜಿನ ಕುಪ್ಪಿಯನ್ನು ನೆನಪಿಸುವ ಕೆಮೆಕ್ಸ್ ಇರಲಿ, ತತ್ತ್ವ ಒಂದೇ. ಕೆಮೆಕ್ಸಿನ ಕಾಗದ ಮಾತ್ರ ದಪ್ಪ, ಹಾಗಾಗಿ ಅದಕ್ಕೆ ಪುಡಿ ಸ್ವಲ್ಪ ತರಿಯಾಗಿರಬೇಕು.

ಇಲ್ಲಿ ಕೈಯ ಪಾತ್ರ ಹೆಚ್ಚು. 15 ಗ್ರಾಂ ಪುಡಿಗೆ 250 ಗ್ರಾಂ ನೀರೆಂದು ಇಟ್ಟುಕೊಳ್ಳೋಣ. ಪುಡಿ ಸಣ್ಣ ರವೆಗಿಂತ ತುಸು ದಪ್ಪ ಇರಲಿ. ಕಾಗದವನ್ನು ಶಂಕುವಿನೊಳಗೆ ಕೂರಿಸಿ ಬಿಸಿನೀರಿನಿಂದ ತೊಳೆದರೆ ಕಾಗದದ ವಾಸನೆ ಹೋಗುತ್ತದೆ, ಪಾತ್ರೆಯೂ ಬಿಸಿಯಾಗುತ್ತದೆ. ಆ ನೀರನ್ನು ಚೆಲ್ಲಲು ಮರೆಯಬಾರದು. ಪುಡಿ ಹಾಕಿ, ತಟ್ಟಿ ಸಮ ಮಾಡಿ, ಮೊದಲು 40 ಗ್ರಾಮಿನಷ್ಟು ನೀರನ್ನು ಪುಡಿಯೆಲ್ಲ ನೆನೆಯುವಂತೆ ಸುರಿದು ಪಾತ್ರೆಯನ್ನು ಒಮ್ಮೆ ಮೆಲ್ಲಗೆ ಸುತ್ತಿಸಬೇಕು. ತಾಜಾ ಪುಡಿ ಗುಳ್ಳೆಗಳನ್ನೆಬ್ಬಿಸಿ ಉಬ್ಬುತ್ತದೆ. ಸಿಕ್ಕಿಕೊಂಡ ಅನಿಲ ಹೊರಗೆ ಹೋಗುವ ಹೊತ್ತು ಅದು. 40 ಸೆಕೆಂಡು ಕಾದು, ಒಂದೂಕಾಲು ನಿಮಿಷದ ಹೊತ್ತಿಗೆ ಒಟ್ಟು 150 ಗ್ರಾಮಿಗೆ ಬರುವಂತೆ ತೆಳುಧಾರೆಯಲ್ಲಿ ವೃತ್ತಾಕಾರವಾಗಿ ಸುರಿಯಬೇಕು, ಉಳಿದ 100 ಗ್ರಾಮನ್ನು ಎರಡು ನಿಮಿಷ ತುಂಬುವುದರೊಳಗೆ ಮುಗಿಸಬೇಕು. ಧಾರೆ ಕಾಗದದ ಗೋಡೆಗೆ ಬೀಳಬಾರದು, ಬಿದ್ದ ನೀರು ಪುಡಿಯನ್ನು ಮುಟ್ಟದೆ ಜಾರಿಹೋಗುತ್ತದೆ. ಕೊನೆಗೆ ಇನ್ನೊಮ್ಮೆ ಪಾತ್ರೆಯನ್ನು ಸುತ್ತಿಸಿದರೆ ಪುಡಿ ಸಮತಟ್ಟಾಗಿ ಕೂರುತ್ತದೆ. ಮೂರು ನಿಮಿಷದ ಆಸುಪಾಸಿನಲ್ಲಿ ಎಲ್ಲ ನೀರೂ ಇಳಿದಿರಬೇಕು.

ಎರಡು ನಿಮಿಷಕ್ಕೇ ಇಳಿದುಹೋಗಿ ಹುಳಿಯಾಗಿದ್ದರೆ ಮರುದಿನ ಪುಡಿಯನ್ನು ಒಂದು ಗುರುತಿನಷ್ಟು ನುಣ್ಣಗೆ ಮಾಡಬೇಕು. ನಾಲ್ಕು ನಿಮಿಷ ದಾಟಿ ಕಹಿಯಾಗಿದ್ದರೆ ದಪ್ಪ ಮಾಡಬೇಕು. ಕಠಿಣವಾದದ್ದು ಮೂರನೆಯ ಸಂದರ್ಭ: ಪುಡಿಯನ್ನು ನುಣ್ಣಗೆ ಮಾಡಿದಷ್ಟೂ ರುಚಿ ಹುಳಿಯೂ ಕಹಿಯೂ ಆಗಿ ಕೆಡುತ್ತದೆ. ಆಗ ನೀರು ಪುಡಿಯ ನಡುವೆ ಒಂದೆರಡು ಕಡೆ ಕಾಲುವೆ ಕೊರೆದುಕೊಂಡು ಅಲ್ಲೇ ಹರಿಯುತ್ತಿದೆ, ಉಳಿದ ಪುಡಿ ಬರಿದೇ ಒದ್ದೆಯಾಗಿ ಕುಳಿತಿದೆ ಎಂದರ್ಥ. ಸೋಸಿದ ಮೇಲೆ ಚರಟದಲ್ಲಿ ಗುಂಡಿಗಳು ಕಂಡರೆ ಇದು ಖಚಿತ. ಪುಡಿಯನ್ನು ಹಿಂದಿನ ಗಾತ್ರಕ್ಕೆ ತಂದು, ಇನ್ನಷ್ಟು ಕೆಳಗಿನಿಂದ, ಇನ್ನಷ್ಟು ನಿಧಾನವಾಗಿ ಸುರಿಯುವುದೇ ಪರಿಹಾರ. ಕೊಕ್ಕರೆ ಕತ್ತಿನ ಕೆಟಲ್ ಪ್ರಯೋಜನಕ್ಕೆ ಬರುವುದು ಇಲ್ಲಿಯೇ.

ಲೋಹದ ಫಿಲ್ಟರಿನ ಡಿಕಾಕ್ಷನ್

ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳ ಲೋಹದ ಫಿಲ್ಟರಿನಲ್ಲಿ ಹಾಲಿಗೆ ಬೆರೆಸಲು ತಕ್ಕ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಪ್ರಮಾಣ ಒಂದು ಪಾಲು ಪುಡಿಗೆ ನಾಲ್ಕೈದು ಪಾಲು ನೀರು. ಪುಡಿ ನುಣ್ಣಗಿರಬೇಕು, ಆದರೆ ಹಿಟ್ಟಿನಂತಾಗಬಾರದು, ಹಾಗಾದರೆ ಫಿಲ್ಟರಿನ ಕಣ್ಣುಗಳು ಕಟ್ಟಿಕೊಂಡು ಒಂದು ಹನಿಯೂ ಇಳಿಯುವುದಿಲ್ಲ. ಪುಡಿಯನ್ನು ಸಮ ಮಾಡಿ, ಒತ್ತುತಟ್ಟೆಯನ್ನು ಅದರ ಮೇಲೆ ಭಾರ ಹಾಕದೆ ಕೂರಿಸಿ, ಮೊದಲು ಪುಡಿ ನೆನೆಯುವಷ್ಟು ಮಾತ್ರ ಕುದಿನೀರು ಸುರಿದು ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಸುರಿದು ಮುಚ್ಚಿಡಬೇಕು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದರೆ ಗಾತ್ರ ಸರಿಯಿದೆ. ಚಿಕೋರಿ ಬೆರೆತ ಪುಡಿ ನಿಧಾನವಾಗಿ ಇಳಿಯುತ್ತದೆ. ಚಿಕೋರಿ ಒಂದು ಗಿಡದ ಹುರಿದ ಬೇರು, ಅದರಲ್ಲಿ ಕೆಫೀನ್ ಇಲ್ಲ, ಕಾಫಿಗಿಂತ ಹೆಚ್ಚು ಕರಗಿ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಇಳಿದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಮತ್ತೆ ಕಾಯಿಸಬಾರದು. ಹಾಲನ್ನೇ ಬಿಸಿ ಮಾಡಿ ಬೆರೆಸಬೇಕು.

ಒಲೆಯ ಮೇಲಿನ ಪಾತ್ರೆಗಳು

ಇಟಲಿಯ ತಯಾರಕ ಅಲ್ಫೊನ್ಸೊ ಬಿಯಾಲೆಟ್ಟಿಯ ಹೆಸರಿನೊಂದಿಗೆ 1933ರಿಂದ ಪ್ರಸಿದ್ಧವಾದ ಮೋಕಾ ಪಾತ್ರೆಯಲ್ಲಿ ಕೆಳಗಿನ ನೀರಿನ ಮೇಲೆ ಹಬೆಯೂ ಬಿಸಿಗಾಳಿಯೂ ಒತ್ತಡ ಹೇರಿ ಅದನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತವೆ. ಇದರ ಕಾಫಿ ಸುಟ್ಟ ರುಚಿ ಬರುತ್ತದೆಂದು ದೂರುವವರು ಬಹಳ. ದೋಷ ಹೆಚ್ಚಾಗಿ ಉರಿಯಲ್ಲಿರುತ್ತದೆ. ಕೆಳಪಾತ್ರೆಗೆ ಆಗಲೇ ಕುದಿದ ನೀರನ್ನು ಸುರಕ್ಷತಾ ಕವಾಟದ ಕೆಳಮಟ್ಟದವರೆಗೆ ತುಂಬಬೇಕು, ತಣ್ಣೀರಿನಿಂದ ಆರಂಭಿಸಿದರೆ ನೀರು ಕಾಯುವವರೆಗೂ ಪುಡಿ ಲೋಹದ ಬಿಸಿಯಲ್ಲಿ ಬೇಯುತ್ತಿರುತ್ತದೆ. ಕವಾಟವನ್ನು ಎಂದೂ ಮುಚ್ಚುವಂತೆ ತುಂಬಬಾರದು. ಪುಡಿಯನ್ನು ಬುಟ್ಟಿಯ ಅಂಚಿಗೆ ಸಮವಾಗಿ ತುಂಬಿ ಒತ್ತದೆ ಬಿಡಬೇಕು. ಕೆಳಪಾತ್ರೆ ಸುಡುತ್ತಿರುವುದರಿಂದ ಬಟ್ಟೆಯಲ್ಲಿ ಹಿಡಿದು ತಿರುಚಿ ಮುಚ್ಚಿ, ಸಣ್ಣ ಉರಿಯ ಮೇಲಿಟ್ಟು ಮುಚ್ಚಳ ತೆರೆದೇ ಇರಿಸಿದರೆ ಕಂದು ಧಾರೆ ನಿಧಾನವಾಗಿ ಬರುವುದು ಕಾಣುತ್ತದೆ. ಧಾರೆ ಹಳದಿಗೆ ತಿರುಗಿ ಗೊರಗೊರ ಸದ್ದು ಶುರುವಾದ ಕೂಡಲೇ ಕೆಳಗಿಳಿಸಿ, ತಳವನ್ನು ತಣ್ಣೀರಿಗೆ ಹಿಡಿಯಬೇಕು. ಆ ಕೊನೆಯ ಗೊರಗೊರದಲ್ಲಿ ಬರುವುದು ಕಹಿಯೊಂದೇ.

ಉದ್ದ ಹಿಡಿಯ ಪುಟ್ಟ ಪಾತ್ರೆಯಾದ ಜೆಜ್ವೆಗೆ ಮಾತ್ರ ಪುಡಿ ಅಕ್ಷರಶಃ ಹಿಟ್ಟಿನಂತಿರಬೇಕು. 70 ಮಿಲಿಲೀಟರು ತಣ್ಣೀರಿಗೆ 7 ಗ್ರಾಂ ಪುಡಿ, ಬೇಕಾದರೆ ಸಕ್ಕರೆ, ಎಲ್ಲವನ್ನೂ ಮೊದಲೇ ಕಲಸಿ, ಕಡಿಮೆ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕಾಯಿಸಿ, ನೊರೆ ಕತ್ತಿನವರೆಗೆ ಏರಿ ಒಡೆಯುವ ಮೊದಲೇ ಇಳಿಸಬೇಕು. ಕುದಿಸಬಾರದು. ಕಣ್ಣು ತಪ್ಪಿದ ಒಂದು ಕ್ಷಣಕ್ಕೆ ಒಲೆಯನ್ನೆಲ್ಲ ಒರೆಸಬೇಕಾದ ಪ್ರಸಂಗ ನನಗೆ ಅನೇಕ ಸಲ ಬಂದಿದೆ. ಕಪ್ಪಿಗೆ ಬಗ್ಗಿಸಿದ ಮೇಲೆ ಗಸಿ ತಳ ಸೇರಲು ಎರಡು ನಿಮಿಷ ಕೊಡಬೇಕು.

ಏರೋಪ್ರೆಸ್, ಎಸ್ಪ್ರೆಸ್ಸೊ, ತಣ್ಣೀರಿನ ಕಾಫಿ

ಎಸೆದು ಆಡುವ ಹಾರುಬಳೆಯನ್ನು ರೂಪಿಸಿದ ಅಲನ್ ಆಡ್ಲರ್ ಅವರೇ 2005ರಲ್ಲಿ ತಂದ ಏರೋಪ್ರೆಸ್, ನೆನೆಸುವುದನ್ನೂ ಸೋಸುವುದನ್ನೂ ಕೂಡಿಸಿದ ಪ್ಲಾಸ್ಟಿಕ್ ಕೊಳವೆ. 12 ಗ್ರಾಂ ಪುಡಿಗೆ 200 ಗ್ರಾಂ ನೀರು ಸುರಿದು, ಹನಿಯದಂತೆ ಮೇಲಿನ ಕೊಳವೆಯನ್ನು ಸಿಕ್ಕಿಸಿ, ಎರಡು ನಿಮಿಷ ಬಿಟ್ಟು, ಅರ್ಧ ನಿಮಿಷದಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಪುಸ್ ಎಂಬ ಸದ್ದು ಬಂದರೆ ನಿಲ್ಲಿಸಬೇಕು. ತಪ್ಪನ್ನು ಇದರಷ್ಟು ಕ್ಷಮಿಸುವ ಸಾಧನ ಇನ್ನೊಂದಿಲ್ಲ, ಒಬ್ಬರೇ ಇರುವವರಿಗೂ ಪ್ರಯಾಣಕ್ಕೂ ಇದು ಹೇಳಿ ಮಾಡಿಸಿದ್ದು.

ಯಂತ್ರವೊಂದು ಬಿಸಿನೀರನ್ನು ಪುಡಿಯ ಮೂಲಕ ಜೋರಾಗಿ ಒತ್ತಿ ತಳ್ಳುವ ಎಸ್ಪ್ರೆಸ್ಸೊ ಬೇರೆಯೇ ಲೋಕ. 9 ಬಾರ್, ಎಂದರೆ ಗಾಳಿಯ ಸಹಜ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡದಲ್ಲಿ, 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಬರಬೇಕೆಂಬುದು ಅದರ ಆರಂಭದ ಲೆಕ್ಕ. ಕೂದಲೆಳೆಯಷ್ಟು ಗಾತ್ರ ಬದಲಾದರೂ ಲೆಕ್ಕ ತಪ್ಪುವುದರಿಂದ ಯಂತ್ರದಷ್ಟೇ ಸಮರ್ಥವಾದ ಗ್ರೈಂಡರ್ ಬೇಕು. ಅಷ್ಟು ಖರ್ಚಿಗೂ ದಿನವೂ ಯಂತ್ರವನ್ನು ತೊಳೆಯುವುದಕ್ಕೂ ಸಿದ್ಧರಿಲ್ಲದವರು ಇದನ್ನು ಹೊರಗೆ ಕುಡಿಯುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ತಣ್ಣೀರಿನ ಕಾಫಿಗೆ 100 ಗ್ರಾಂ ತರಿ ಪುಡಿಯನ್ನು 800 ಮಿಲಿಲೀಟರು ನೀರಿನಲ್ಲಿ ಕಲಸಿ, ಮುಚ್ಚಿ, ಫ್ರಿಜ್ಜಿನಲ್ಲಿ 14ರಿಂದ 18 ಗಂಟೆ ಇಟ್ಟು ಎರಡು ಸಲ ಸೋಸಬೇಕು. ಕುಡಿಯುವಾಗ ಅಷ್ಟೇ ನೀರು ಅಥವಾ ಹಾಲು ಬೆರೆಸಬೇಕು. ಹುಳಿ ಕಡಿಮೆ, ಪರಿಮಳವೂ ಕಡಿಮೆ. ಪರಿಮಳ ಬೇಕೆನ್ನುವವರು ಕಾಗದದ ವಿಧಾನದಲ್ಲೇ ನೀರಿನ ಪಾಲಿನಲ್ಲಿ 100 ಗ್ರಾಮನ್ನು ಮಂಜುಗಡ್ಡೆಯಾಗಿ ಕೆಳಪಾತ್ರೆಗೆ ಹಾಕಿ, ಉಳಿದ 150 ಗ್ರಾಂ ಬಿಸಿನೀರಿನಿಂದ, ಪುಡಿಯನ್ನು ತುಸು ನುಣ್ಣಗೆ ಮಾಡಿ, ನೇರವಾಗಿ ಮಂಜಿನ ಮೇಲೆ ಸೋಸಬಹುದು.

ಹದ ತಪ್ಪಿದಾಗ

ಯಾವ ವಿಧಾನದಲ್ಲಾದರೂ ಒಂದು ದಿನಕ್ಕೆ ಒಂದನ್ನೇ ಬದಲಿಸಬೇಕು. ಪುಡಿಯ ಗಾತ್ರವನ್ನೂ ನೀರಿನ ಬಿಸಿಯನ್ನೂ ಒಟ್ಟಿಗೇ ಬದಲಿಸಿದರೆ ಕಾಫಿ ಸುಧಾರಿಸಿದರೂ ಯಾವುದರಿಂದ ಎಂದು ತಿಳಿಯದು. ಗ್ರೈಂಡರಿನ ಗುರುತು, ತೂಕ, ಕಾಲ ಮತ್ತು ರುಚಿಯ ಬಗ್ಗೆ ಎರಡು ಪದ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬೀಜದ ಡಬ್ಬಿಗೆ ಅಂಟಿಸಿಟ್ಟರೆ ಮೂರು ನಾಲ್ಕು ದಿನದಲ್ಲಿ ಆ ಬೀಜದ ಹದ ಸಿಗುತ್ತದೆ. ಮೊದಲು ಗಾತ್ರ, ಆಮೇಲೆ ಬಿಸಿ, ಕೊನೆಗೆ ಪ್ರಮಾಣ ಎಂಬ ಕ್ರಮವನ್ನು ನಾನು ಪಾಲಿಸುತ್ತೇನೆ. ಡಬ್ಬಿಯ ತಳಕ್ಕೆ ಬರುವ ಹೊತ್ತಿಗೆ ಬೀಜ ಹಳತಾಗಿ ನೀರು ಬೇಗ ಇಳಿಯತೊಡಗುವುದು ಸಹಜ. ಆಗ ಒಂದು ಗುರುತು ನುಣ್ಣಗೆ ಮಾಡಬೇಕಾಗುತ್ತದೆ.

ಎಲ್ಲ ಸರಿಯಿದ್ದೂ ಹಳಸಿದ ಎಣ್ಣೆಯ ವಾಸನೆ ಬರುತ್ತಿದ್ದರೆ ಪಾತ್ರೆಯನ್ನು ನೋಡಬೇಕು. ಕಾಫಿಯ ಎಣ್ಣೆ ಜಾಲರಿಯಲ್ಲೂ ಗ್ರೈಂಡರಿನ ಹಲ್ಲುಗಳಲ್ಲೂ ಅಂಟಿಕೊಂಡು ಕೆಡುತ್ತದೆ. ಜಾಲರಿಯನ್ನು ದಿನವೂ ಬಿಚ್ಚಿ ಸೋಪಿನಿಂದ ತೊಳೆದು ಒಣಗಿಸಬೇಕು. ಗ್ರೈಂಡರನ್ನು ತಿಂಗಳಿಗೊಮ್ಮೆ ಬಿಚ್ಚಿ ಒಣ ಬ್ರಷ್ಷಿನಿಂದ ಉಜ್ಜಬೇಕು, ನೀರು ಸೋಕಿಸಬಾರದು. ಕೆಟಲಿನಲ್ಲಿ ಕಟ್ಟಿದ ಬಿಳಿ ಪದರಕ್ಕೆ ಸಿಟ್ರಿಕ್ ಆಮ್ಲದ ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುದಿಸಿ ಅರ್ಧ ಗಂಟೆ ಬಿಟ್ಟು, ಎರಡು ಮೂರು ಸಲ ಬರಿನೀರಿನಲ್ಲಿ ತೊಳೆದರೆ ಸಾಕು.